ಸೂರು ಹೊತ್ತ ಸೇತುವೆಗಳು

ಅಮೆರಿಕದ ಈಶಾನ್ಯ ಭಾಗದ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಮೊದಲಾದ ಸಂಸ್ಥಾನಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಚಳಿಗಾಲಗಳಲ್ಲಿ, ದಾರಿಗಳೆಲ್ಲ ಹಿಮದಿಂದ ಮುಚ್ಚಿ ಗಾಲಿಯ ಬಂಡಿಗಳಿಗೆ ಬದಲಾಗಿ ಜಾರುಬಂಡಿಗಳು ಸಂಚರಿಸತೊಡಗಿದಾಗ, ಊರಿನವರು ಒಬ್ಬ ಆಳನ್ನು ಕೂಲಿಗೆ ಗೊತ್ತುಮಾಡಿ, ಹೊಳೆಗೆ ಅಡ್ಡಲಾಗಿ ನಿಂತ ಮುಚ್ಚುಸೇತುವೆಯ ಒಳಗಣ ಹಲಗೆಗಳ ಮೇಲೆ ಸಲಿಕೆಯಿಂದ ಹಿಮವನ್ನು ತಂದು ಹರಡಿಸುತ್ತಿದ್ದರು. ಮಾಡಿನ ಕೆಳಗೆ ಹಿಮ ಬೀಳದೆ ಹಲಗೆಗಳು ಬರಿದಾಗಿರುತ್ತಿದ್ದುದರಿಂದ, ಹಿಮದ ಮೇಲೆ ಜಾರಲೆಂದೇ ಮಾಡಿದ ಬಂಡಿಯು ಅಲ್ಲಿಗೆ ಬಂದೊಡನೆ ನೆಲಕ್ಕೆ ಉಜ್ಜಿ ಕುದುರೆಗಳನ್ನು ಸತಾಯಿಸುತ್ತಿತ್ತು. ಈ ಒಂದು ಸಂಗತಿಯೇ, ಮುಚ್ಚುಸೇತುವೆಗಳ ವಿಷಯದಲ್ಲಿ ಜನರ ನಡುವೆ ಹಬ್ಬಿರುವ ಅನೇಕ ಊಹೆಗಳನ್ನು ಅಲುಗಿಸಲು ಸಾಕಾದುದು. ದಾರಿಗರು ಹಿಮದಲ್ಲಿ ಸಿಲುಕದಿರಲೆಂದು ಸೂರು ಹಾಕಿದರು ಎನ್ನುವವರುಂಟು. ಹರಿಯುವ ನೀರನ್ನು ಕಂಡು ಕುದುರೆಯೂ ದನವೂ ಬೆದರದಿರಲೆಂದು ಪಕ್ಕಗಳನ್ನು ಮರೆಮಾಡಿದರು ಎನ್ನುವವರುಂಟು. ತರುಣ ತರುಣಿಯರ ಏಕಾಂತಕ್ಕೆ ಅನುಕೂಲವಾಗಿದ್ದುದರಿಂದ ಇವುಗಳಿಗೆ ಮುತ್ತಿನ ಸೇತುವೆಗಳೆಂಬ ಹೆಸರೂ ರೂಢಿಯಲ್ಲಿದ್ದಿತು. ಇವೆಲ್ಲವೂ ಸೂರಿನಿಂದ ದೊರೆತ ಮಿಗುತಾಯಗಳೇ ಹೊರತು ಸೂರನ್ನು ಹೊರಿಸಿದ ಕಾರಣಗಳಲ್ಲ.

ಕಾರಣವನ್ನು ಮರದ ಸ್ವಭಾವದಲ್ಲಿಯೇ ಅರಸಬೇಕು. ಸದಾ ನೀರಿನಲ್ಲಿ ಮುಳುಗಿದ ಮರವು ಬಹುಕಾಲ ಕೆಡದೆ ಉಳಿಯುವುದು. ಸದಾ ಒಣಗಿರುವ ಮರವೂ ಹಾಗೆಯೇ. ನೆನೆದು, ಅರೆಯೊಣಗಿ, ಮತ್ತೆ ನೆನೆಯುವ ಮರಕ್ಕೆ ಮಾತ್ರ ಬಾಳಿಲ್ಲ. ಗಾಳಿ, ತೇವ ಎರಡೂ ಏಕಕಾಲಕ್ಕೆ ಒದಗಿದೆಡೆಯಲ್ಲಿ ಶಿಲೀಂಧ್ರವು ಬೇರೂರಿ ಮರದ ಸತ್ತ್ವವನ್ನೆಲ್ಲ ಹೀರಿಬಿಡುತ್ತದೆ. ಇದರಲ್ಲಿಯೂ ಬಯಲಿಗೆ ಒಡ್ಡಿದ ತೊಲೆಯ ಮೈಗಿಂತ ತೊಲೆಗೆ ತೊಲೆಯನ್ನು ಕಚ್ಚುಮಾಡಿ ಕೂಡಿಸಿದ ಸಂದೇ ಮೊದಲು ಕೆಡುವುದು. ಏಕೆಂದರೆ ಮರದ ಕಡಿದ ತುದಿಯು ನೀರನ್ನು ಬತ್ತಿಯಂತೆ ಒಳಗೆ ಎಳೆದುಕೊಳ್ಳುತ್ತದೆ, ಸಂದಿನೊಳಗೆ ಬಿಸಿಲೂ ಗಾಳಿಯೂ ತಾಗುವುದಿಲ್ಲ. ಸೇತುವೆಯ ಭಾರವನ್ನೆಲ್ಲ ಒಂದರಿಂದ ಇನ್ನೊಂದಕ್ಕೆ ದಾಟಿಸುವ ಸ್ಥಾನಗಳು ಈ ಸಂದುಗಳೇ ಆದುದರಿಂದ, ಅವು ಒಳಗೊಳಗೇ ಟೊಳ್ಳಾದ ಸೇತುವೆಯು ಹೊರಗೆ ದೃಢವಾಗಿ ತೋರುತ್ತಿದ್ದೇ ಒಂದು ದಿನ ಕುಸಿಯುವುದು. ಬಯಲಿನಲ್ಲಿ ಬಿಟ್ಟ ಮರದ ಸೇತುವೆಯ ಆಯುಸ್ಸು ಹತ್ತಿಪ್ಪತ್ತು ವರ್ಷ. ಅದೇ ಸೇತುವೆಗೆ ಮಾಡು ಹೊದಿಸಿ ಪಕ್ಕಗಳಿಗೆ ಹಲಗೆ ಬಡಿದರೆ ನೂರು ವರ್ಷ, ಕೆಲವೊಮ್ಮೆ ಅದಕ್ಕೂ ಮಿಕ್ಕು. ಜಾತ್ರೆ ಮುಗಿದೊಡನೆ ತೇರನ್ನು ತೇರಿನ ಮನೆಗೆ ಎಳೆದುತಂದು ನಿಲ್ಲಿಸುವ, ಮನೆಯಿಲ್ಲದಿದ್ದರೆ ಗರಿಯನ್ನೋ ತಗಡನ್ನೋ ಹೊದಿಸುವ ನಮ್ಮ ಹಳ್ಳಿಯವರಿಗೆ ಈ ತತ್ತ್ವವನ್ನು ಹೊಸದಾಗಿ ಬೋಧಿಸಬೇಕಾದುದಿಲ್ಲ.

ಅಮೆರಿಕದಲ್ಲಿ ಈ ಪದ್ಧತಿಯು ಬೇರೂರಿದುದು ಒಬ್ಬ ನ್ಯಾಯಾಧೀಶನ ಒತ್ತಾಯದಿಂದ. ಫಿಲಡೆಲ್ಫಿಯ ನಗರದ ಪಶ್ಚಿಮಕ್ಕೆ ಹರಿಯುವ ಶೂಲ್‌ಕಿಲ್ ನದಿಗೆ ಮ್ಯಾಸಚೂಸೆಟ್ಸಿನ ಶಿಲ್ಪಿ ಟಿಮೊಥಿ ಪಾಮರನು ಮರದ ಕಮಾನುಗಳ ಸೇತುವೆಯೊಂದನ್ನು ಕಟ್ಟಿದನು. 1805ರಲ್ಲಿ ಅದರ ಸಂಚಾರವು ಆರಂಭವಾಯಿತು. ಸೇತುವೆಯ ಕಂಪನಿಗೆ ಅಧ್ಯಕ್ಷನಾಗಿದ್ದ ರಿಚರ್ಡ್ ಪೀಟರ್ಸ್ ಎಂಬ ನ್ಯಾಯಾಧೀಶನು, ಇಷ್ಟು ಹಣ ಸುರಿದು ಕಟ್ಟಿದುದನ್ನು ಮಳೆಗೆ ಒಪ್ಪಿಸಲು ಒಡಂಬಡದೆ, ಅದಕ್ಕೆ ಸೂರು ಕಟ್ಟಿಸಲೇಬೇಕೆಂದು ಹಟಹಿಡಿದನು. ಓವನ್ ಬಿಡ್ಲ್ ಎಂಬವನು ಆ ಸೂರಿನ ವಿನ್ಯಾಸವನ್ನು ರಚಿಸಿದನು. ಆ ಸೇತುವೆಗೆ ಶಾಶ್ವತ ಸೇತುವೆಯೆಂದೇ ಹೆಸರಿಟ್ಟಿದ್ದರು. ನಶ್ವರವಾದ ಮರದಿಂದ ಕಟ್ಟಿದುದಕ್ಕೆ ಶಾಶ್ವತವೆಂಬ ಹೆಸರನ್ನು ಕೊಡಲು ಅವರಿಗೆ ಧೈರ್ಯ ಬಂದುದಾದರೂ, ಮೊದಲು ಎಣಿಸದಿದ್ದ ಆ ಸೂರಿನಿಂದ ಹೆಸರು ಒಂದಿಷ್ಟಾದರೂ ಸಾರ್ಥಕವಾದುದು ನನಗೆ ಹೃದ್ಯವಾಗಿ ತೋರುತ್ತದೆ.

ತದನಂತರದ ಐವತ್ತು ಅರುವತ್ತು ವರ್ಷಗಳು ಅಮೆರಿಕದ ಬಡಗಿಗಳ ಪ್ರತಿಭೆಗೆ ವಸಂತಕಾಲ. ಮರದ ತುಂಡುಗಳನ್ನು ತ್ರಿಕೋನಾಕೃತಿಯಲ್ಲಿ ಜೋಡಿಸಿ ಬಾಗದಂತೆ ಬಿಗಿಯುವ ಟ್ರಸ್ ಎಂಬ ಚೌಕಟ್ಟನ್ನು ಒಬ್ಬೊಬ್ಬನೂ ಒಂದೊಂದು ಬಗೆಯಾಗಿ ತಿದ್ದಿದನು. ಥಿಯೊಡರ್ ಬರ್ ಎಂಬವನು ಚೌಕಟ್ಟಿಗೆ ಕಮಾನನ್ನು ಕೂಡಿಸಿ ಎರಡರ ಬಲವನ್ನೂ ಒಂದುಗೂಡಿಸಿದನು. ಆದರೆ ಇವರೆಲ್ಲರಲ್ಲಿ ಇಥಿಯೆಲ್ ಟೌನನ ಕಲ್ಪನೆಯೇ ನನ್ನ ದೃಷ್ಟಿಗೆ ಅತಿ ರಮಣೀಯವಾದುದು. 1820ರಲ್ಲಿ ಆತನು ಸ್ವಾಮ್ಯಪತ್ರ ಪಡೆದ ವಿನ್ಯಾಸದಲ್ಲಿ ಭಾರಿ ತೊಲೆಗಳೇ ಬೇಕಾಗಿರಲಿಲ್ಲ. ಯಾವ ಗರಗಸದ ಮಿಲ್ಲಿನಲ್ಲಿಯೂ ದೊರೆಯುವ ಸಾಧಾರಣ ಹಲಗೆಗಳನ್ನು ಓರೆಯಾಗಿ ಒಂದರ ಮೇಲೊಂದು ಅಡ್ಡಹಾಯಿಸಿ, ಹಾಯ್ದೆಡೆಗಳಲ್ಲೆಲ್ಲ ಮರದ ಗೂಟಗಳನ್ನು ಜಡಿದರೆ, ನಮ್ಮ ಹಳೆಯ ಮನೆಗಳ ಜಾಲಂದ್ರವನ್ನು ಹೋಲುವ ಗೋಡೆಯೊಂದು ಸಿದ್ಧವಾಗಿ, ಆ ಗೋಡೆಯೇ ಸೇತುವೆಯನ್ನು ಹೊರುತ್ತಿದ್ದಿತು. ನುರಿತ ಶಿಲ್ಪಿಯಿಲ್ಲದ ಹಳ್ಳಿಯೂ ತನ್ನ ಸೇತುವೆಯನ್ನು ತಾನೇ ಕಟ್ಟಿಕೊಳ್ಳಬಹುದಾಯಿತು. ಟೌನನಿಗೆ ಮಾತ್ರ ಅಡಿಗೊಂದು ಡಾಲರಿನಂತೆ ಗೌರವಧನವನ್ನು ಸಲ್ಲಿಸಬೇಕಾಗಿದ್ದಿತು. ಕನೆಕ್ಟಿಕಟ್ ನದಿಯ ಮೇಲೆ ಕಾರ್ನಿಷ್ ಮತ್ತು ವಿಂಡ್ಸರ್ ಊರುಗಳನ್ನು ಕೂಡಿಸುವ, ಸುಮಾರು 450 ಅಡಿ ಉದ್ದದ ಸೇತುವೆಯು ಈ ಜಾಲಂದ್ರದ ಕುಲಕ್ಕೆ ಸೇರಿದುದು. ಅದೇ ಸ್ಥಳದಲ್ಲಿದ್ದ ಮೂರು ಸೇತುವೆಗಳು ಪ್ರವಾಹಗಳಲ್ಲಿ ಹೋದ ಮೇಲೆ 1866ರಲ್ಲಿ ಕಟ್ಟಿದ ಈ ನಾಲ್ಕನೆಯದು ಇಂದಿಗೂ ನಿಂತಿದೆ. ಕುದುರೆಗಳನ್ನು ನಡೆಸಿಕೊಂಡು ಹೋಗಿರಿ, ತಪ್ಪಿದರೆ ಎರಡು ಡಾಲರ್ ದಂಡ ಎಂಬರ್ಥದ ಹಲಗೆಯು ಅದರ ಹಣೆಯ ಮೇಲೆ ಇದೆ. ಕೆನಡದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಹಾರ್ಟ್‌ಲ್ಯಾಂಡಿನಲ್ಲಿರುವುದು 1,282 ಅಡಿ ಉದ್ದದ್ದು, ಮುಚ್ಚುಸೇತುವೆಗಳಲ್ಲಿ ಲೋಕಕ್ಕೆಲ್ಲ ದೀರ್ಘತಮವಾದುದು. ಅದೂ 1901ರಲ್ಲಿ ತೆರೆದಾಗ ಬೋಳಾಗಿಯೇ ಇದ್ದು, 1920ರಲ್ಲಿ ಮಂಜುಗಡ್ಡೆಯ ಹೊಡೆತಕ್ಕೆ ಎರಡು ಅಂಕಣಗಳು ಬಿದ್ದ ತರುವಾಯ ದುರಸ್ತಾಗುವಾಗ ಸೂರನ್ನು ಪಡೆಯಿತು. 1840ರಲ್ಲಿ ವಿಲಿಯಂ ಹೋವ್ ನೆಟ್ಟನೆಯ ಮರಗಳ ಸ್ಥಾನದಲ್ಲಿ ಕಬ್ಬಿಣದ ಸರಳುಗಳನ್ನು ಇಟ್ಟಾಗಲೇ ಈ ಯುಗದ ಸಂಧ್ಯೆಯು ಸಮೀಪಿಸಿತೆನ್ನಬೇಕು.

ಯೂರೋಪಿನಲ್ಲಿ ಈ ಕಥೆಯು ಇನ್ನೂ ಹಳೆಯದು. ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದಲ್ಲಿ ರಾಯ್ಸ್ ನದಿಯನ್ನು ಓರೆಯಾಗಿ ದಾಟುವ ಕಾಪೆಲ್ ಸೇತುವೆಯು ಹದಿನಾಲ್ಕನೆಯ ಶತಮಾನದ್ದು. ಓರೆಗೆ ಕಾರಣವೆಂದರೆ, ಅದು ದಾರಿಗಿಂತಲೂ ಹೆಚ್ಚಾಗಿ ಕೋಟೆಯ ಭಾಗವಾಗಿದ್ದುದು. ಸರೋವರದ ಕಡೆಯಿಂದ ಬರುವ ಶತ್ರುವಿಗೆ ನಗರದ ಗೋಡೆಯು ನೀರಿನ ಮೇಲೂ ಮುಂದುವರಿಯುವಂತೆ ಅದನ್ನು ಎಳೆದಿದ್ದರು. ಹದಿನೇಳನೆಯ ಶತಮಾನದಲ್ಲಿ ಅದರ ಸೂರಿನ ಕೆಳಗಣ ತ್ರಿಕೋನಗಳಲ್ಲಿ ನಗರದ ಇತಿಹಾಸವನ್ನೂ ಸಂತರ ಚರಿತ್ರೆಯನ್ನೂ ಬಣ್ಣದಲ್ಲಿ ಬರೆಸಿದರು; ಮೂಲದಲ್ಲಿ 158 ಚಿತ್ರಗಳಿದ್ದುವು. ಅದೇ ಊರಿನ ಸ್ಪ್ರಾಯರ್ ಸೇತುವೆಯಲ್ಲಿ ಕಾಸ್ಪರ್ ಮೆಗ್ಲಿಂಗರನು ಮೃತ್ಯುವಿನ ನೃತ್ಯವನ್ನು ಚಿತ್ರಿಸಿದನು: ಅರಸನಿಂದ ಹಿಡಿದು ಆಳಿನವರೆಗೆ ಎಲ್ಲರ ಕೈಯನ್ನೂ ಅಸ್ಥಿಪಂಜರವೊಂದು ಹಿಡಿದು ನಡೆಸಿಕೊಂಡು ಹೋಗುವ ಆ ಸಾಲನ್ನು, ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗುತ್ತಲೇ ನೋಡಬೇಕಾದ ಎಡೆಯಲ್ಲಿ ಇರಿಸಿದ ಮನಸ್ಸಿನ ಗಾಂಭೀರ್ಯಕ್ಕೆ ನಾನು ತಲೆಬಾಗುತ್ತೇನೆ.

ಸ್ವಿಸ್ ಬಡಗಿಗಳ ಪೈಕಿ ಟಾಯ್ಫೆನ್ ಗ್ರಾಮದ ಹಾನ್ಸ್ ಉಲ್ರಿಕ್ ಗ್ರೂಬೆನ್‌ಮಾನನನ್ನು ನೆನೆಯದೆ ಮುಂದೆ ಹೋಗಲಾಗದು. ಷಾಫ್‌ಹೌಸೆನ್ ನಗರದ ಬಳಿ ರೈನ್ ನದಿಗೆ, ನಡುವೆ ಯಾವ ಆಧಾರವೂ ಇಲ್ಲದೆ, ಒಂದೇ ಅಂಕಣದಲ್ಲಿ 119 ಮೀಟರು ಹಾಯುವ ಮರದ ಸೇತುವೆಯನ್ನು ಆತನು ಸೂಚಿಸಿದನು. ನಗರದ ಹಿರಿಯರು ಅಂಜಿ, ಹಳೆಯ ಸೇತುವೆಯಿಂದ ಉಳಿದಿದ್ದ ನಡುಗಂಬವನ್ನು ಉಪಯೋಗಿಸಲೇಬೇಕೆಂದು ವಿಧಿಸಲು, ಆತನು 1758ರಲ್ಲಿ ಎರಡು ಅಂಕಣಗಳ ಸೇತುವೆಯನ್ನು ಮುಗಿಸಿಕೊಟ್ಟನು. ಸೇತುವೆಯು ಆ ಕಂಬವನ್ನು ಮುಟ್ಟಿದಂತೆ ತೋರುತ್ತಿತ್ತೇ ವಿನಾ ಅದರ ಮೇಲೆ ಭಾರ ಹೇರಿರಲಿಲ್ಲ ಎಂಬ ಐತಿಹ್ಯವೊಂದು ಹುಟ್ಟಿಕೊಂಡಿತು. ಐತಿಹ್ಯವು ನಿಜವೇ ಆಗಬೇಕಾದುದಿಲ್ಲ. ಶಾಲೆಯ ಗಣಿತವನ್ನು ಕಾಣದ ಬಡಗಿಯೊಬ್ಬನ ಕೈಯ ಮೇಲೆ ಜನರಿಗಿದ್ದ ವಿಶ್ವಾಸವನ್ನು ಅದು ತಿಳಿಸುವುದು ಸಾಕು. ಇಟಲಿಯ ಬಸ್ಸಾನೊ ಊರಿನಲ್ಲಿ 1569ರಲ್ಲಿ ಪಲ್ಲಾದಿಯೋ ರಚಿಸಿದ ಸೇತುವೆಯಾದರೋ 1748ರಲ್ಲಿ ನೆರೆಗೂ, 1813ರಲ್ಲಿ ಬೆಂಕಿಗೂ, 1945ರಲ್ಲಿ ಯುದ್ಧಕ್ಕೂ ತುತ್ತಾಗಿ, ಪ್ರತಿಸಲವೂ ಆ ಮಹಾಶಿಲ್ಪಿಯ ಆಕೃತಿಯನ್ನೇ ಅನುಸರಿಸಿ ಮರಳಿ ಎದ್ದಿತು.

ಇಷ್ಟರವರೆಗೆ ಸೂರೆಂದರೆ ಕೊಡೆ. ಚೀನಾ ದೇಶಕ್ಕೆ ಬಂದರೆ ಅದೇ ಸೂರಿಗೆ ಬೇರೊಂದು ಕೆಲಸವಿರುವುದು ಕಾಣುತ್ತದೆ. ಉತ್ತರ ಸೋಂಗ್ ವಂಶದ ಕಾಲದಲ್ಲಿ ಜಾಂಗ್ ತ್ಸೆದುವಾನ್ ಎಂಬ ಚಿತ್ರಕಾರನು ರಚಿಸಿದ, ನದೀತೀರದ ಹಬ್ಬದ ದಿನವನ್ನು ತೋರಿಸುವ ಪ್ರಸಿದ್ಧವಾದ ಉದ್ದನೆಯ ಚಿತ್ರಪಟದಲ್ಲಿ, ಕಾಮನಬಿಲ್ಲಿನಂತೆ ಒಂದೇ ನೆಗೆತಕ್ಕೆ ನದಿಯನ್ನು ಹಾಯ್ದ ಸೇತುವೆಯೊಂದಿದೆ. ಅದಕ್ಕೆ ಸೂರಿಲ್ಲ. ಅದೇ ಬಗೆಯ ಹೆಣಿಗೆಯು ಆಗ್ನೇಯದ ಜಜಿಯಾಂಗ್, ಫೂಜಿಯನ್ ಪ್ರಾಂತಗಳ ಮಲೆನಾಡುಗಳಲ್ಲಿ ಇಂದಿಗೂ ಜೀವಂತವಾಗಿದೆ. ಆದರೆ ಅಲ್ಲಿಯ ಸೇತುವೆಗಳು ಬೆನ್ನ ಮೇಲೆ ಹೆಂಚಿನ ಮನೆಯನ್ನೇ ಹೊತ್ತಿವೆ. ಹೆಣಿಗೆಯ ಕ್ರಮ ಹೀಗೆ: ಉದ್ದನೆಯ ದಿಮ್ಮಿಗಳನ್ನು ಮೂರು ಮುರಿತಗಳಲ್ಲಿ ಜೋಡಿಸಿದ ಒಂದು ಕಮಾನು, ಐದು ಮುರಿತಗಳಲ್ಲಿ ಜೋಡಿಸಿದ ಇನ್ನೊಂದು, ಚಾಪೆ ಹೆಣೆಯುವಂತೆ ಇವೆರಡನ್ನೂ ಒಂದರೊಳಗೊಂದು ನುಸುಳಿಸಿ ಅಡ್ಡ ತೊಲೆಗಳಿಂದ ಬಂಧಿಸುತ್ತಾರೆ. ಇಂತಹ ಕಮಾನು ಹಗುರಾಗಿದ್ದಷ್ಟೂ ಸಡಿಲ. ಗಾಳಿಯೋ ನೆರೆಯೋ ಅದನ್ನು ಕೆಳಗಿನಿಂದ ಎತ್ತಿದರೆ ಹೆಣಿಗೆ ಬಿಚ್ಚಿಹೋಗುವ ಭಯವುಂಟು. ಮೇಲಿನ ಮನೆಯ ಕಂಬ, ತೊಲೆ, ಹೆಂಚುಗಳ ಭಾರವು ದಿಮ್ಮಿಗೆ ದಿಮ್ಮಿಯನ್ನು ಒತ್ತಿಹಿಡಿದು ಅದನ್ನು ಸ್ಥಿರಗೊಳಿಸುವುದು. ಆದುದರಿಂದ ಸೇತುವೆಯು ಸೂರನ್ನು ಹೊರುವುದೋ, ಸೂರು ಸೇತುವೆಯನ್ನು ಕಾಯುವುದೋ ಎಂಬ ಪ್ರಶ್ನೆಗೆ ಅಲ್ಲಿ ಒಂದೇ ಉತ್ತರ ಹೇಳಲಾಗದು. ಅಮೆರಿಕದ ಸೂರನ್ನು ತೆಗೆದರೆ ಸೇತುವೆಯು ಇಪ್ಪತ್ತು ವರ್ಷವಾದರೂ ನಿಂತೀತು, ಇಲ್ಲಿಯದನ್ನು ತೆಗೆದರೆ ಮುಂದಿನ ಬಿರುಗಾಳಿಯಲ್ಲಿಯೇ ಅದಕ್ಕೆ ಅಪಾಯ.

ಈ ಸೇತುವೆಗಳ ವಿದ್ಯೆಯು ಗ್ರಂಥಸ್ಥವಾದುದಲ್ಲ. ಗುರುವಿನ ಬಾಯಿಂದಲೂ ಕೈಯಿಂದಲೂ ಶಿಷ್ಯನಿಗೆ ಇಳಿದುಬಂದುದು. ಕಟ್ಟಿದ ಬಡಗಿಗಳ ಹೆಸರುಗಳನ್ನು ಸೂರಿನ ತೊಲೆಗಳ ಮೇಲೆ ಮಸಿಯಲ್ಲಿ ಬರೆದಿಡುವ ಸಂಪ್ರದಾಯವಿದ್ದುದರಿಂದ, ಲೋಕವು ಸಾಮಾನ್ಯವಾಗಿ ಮರೆಯುವ ಆ ಹೆಸರುಗಳು ಉಳಿದುಕೊಂಡುವು. 2009ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕಲೆಯನ್ನು ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಸೂರು ಬಂದ ಮೇಲೆ ಸೇತುವೆಯು ಮನೆಯಾಗುವುದೂ, ಮನೆಯಾದ ಮೇಲೆ ಅಲ್ಲಿ ದೇವರು ನೆಲಸುವುದೂ ಸಹಜವೇ. ಗ್ವಾಂಗ್ಷಿ ಪ್ರದೇಶದ ಡಾಂಗ್ ಜನರು ತಮ್ಮ ಮುಚ್ಚುಸೇತುವೆಗಳನ್ನು ಗಾಳಿಮಳೆಯ ಸೇತುವೆಗಳೆಂದು ಕರೆಯುತ್ತಾರೆ. 1924ರಲ್ಲಿ ಮುಗಿದ ಚೆಂಗ್‌ಯಾಂಗಿನ ಸೇತುವೆಯು ಕಲ್ಲಿನ ಕಂಬಗಳ ಮೇಲೆ ಐದು ಗೋಪುರಗಳನ್ನು ಹೊತ್ತು, ದೂರದಿಂದ ನೋಡುವವನಿಗೆ ಹೊಳೆಯ ಮೇಲೆ ನಿಂತ ದೇವಾಲಯಗಳ ಸಾಲಿನಂತೆ ತೋರುವುದು. ವಿಯೆಟ್ನಾಮಿನ ಹೋಯಿ ಆನ್ ಬಂದರಿನಲ್ಲಿ ಜಪಾನಿನ ವರ್ತಕರು ಕಟ್ಟಿಸಿದರೆಂದು ಹೇಳುವ ಸೇತುವೆಯ ಎರಡು ತುದಿಗಳನ್ನು ಕೋತಿಗಳ ಮತ್ತು ನಾಯಿಗಳ ವಿಗ್ರಹಗಳು ಕಾಯುತ್ತಿವೆ; ಪಕ್ಕದಲ್ಲಿಯೇ ಒಂದು ಗುಡಿ. 1719ರಲ್ಲಿ ಆ ನಾಡಿನ ಪ್ರಭುವು ಅದಕ್ಕೆ ದೂರದಿಂದ ಬಂದ ಪಯಣಿಗರ ಸೇತುವೆಯೆಂಬರ್ಥದ ಹೆಸರನ್ನಿತ್ತನು. ಹುಯೆ ನಗರದ ಸಮೀಪದ ಥಾನ್ ತೋವಾನ್ ಗ್ರಾಮದ ಪುಟ್ಟ ಮುಚ್ಚುಸೇತುವೆಯಂತೂ, 1776ರಲ್ಲಿ ತ್ರಾನ್ ಥಿ ದಾವೊ ಎಂಬ ಸಾಧ್ವಿಯು ಸ್ವಂತ ಹಣದಿಂದ ಕಟ್ಟಿಸಿದುದು. ಮಕ್ಕಳಿಲ್ಲದ ಆಕೆಯು ದಾರಿಗರು ದಣಿವಾರಿಸಿಕೊಳ್ಳಲು ಅದರ ಎರಡು ಪಕ್ಕಗಳಲ್ಲಿ ಜಗಲಿಗಳನ್ನು ಹಾಕಿಸಿದಳು. ಇಂದಿಗೂ ಆ ಜಗಲಿಗಳ ಮೇಲೆ ಊರಿನವರು ಮಧ್ಯಾಹ್ನದ ಬಿಸಿಲಿಗೆ ಬಂದು ಒರಗುತ್ತಾರೆ. ಕೆರೆಯನ್ನು ಕಟ್ಟಿಸಿ ಅರವಟ್ಟಿಗೆಯನ್ನಿಟ್ಟ ನಮ್ಮ ಶಾಸನಗಳ ತಾಯಂದಿರಿಗೆ ಆಕೆಯು ಸಹೋದರಿಯೆಂದು ನನಗೆ ತೋರುತ್ತದೆ.

ನೀರಿನಿಂದ ಕಾಪಾಡುವ ಸೂರೇ ಮರವನ್ನು ಬೆಂಕಿಗೆ ಹದಮಾಡಿ ಇಡುತ್ತದೆಂಬುದು ಈ ಸೇತುವೆಗಳ ಇತಿಹಾಸದ ದುಃಖಕರವಾದ ಭಾಗ. ನೂರಾರು ವರ್ಷ ಒಣಗಿದ ತೊಲೆ, ಎರಡು ತುದಿಯಲ್ಲೂ ಬಾಯಿ ತೆರೆದ ಕೊಳವೆಯಂತಹ ಆಕಾರ, ಕೆಳಗಿನಿಂದ ಹೊಳೆಯ ಗಾಳಿ: ಇಷ್ಟಿದ್ದ ಮೇಲೆ ಕಿಡಿಯೊಂದು ಸಾಕು. ಗ್ರೂಬೆನ್‌ಮಾನನ ಷಾಫ್‌ಹೌಸೆನ್ ಸೇತುವೆಯನ್ನು 1799ರಲ್ಲಿ ಹಿಮ್ಮೆಟ್ಟುತ್ತಿದ್ದ ಫ್ರೆಂಚ್ ಸೈನ್ಯವು ಸುಟ್ಟಿತು. ಶೂಲ್‌ಕಿಲ್ ನದಿಯ ಮೇಲೆಯೇ ಲೂಯಿಸ್ ವರ್ನ್‌ವಾಗ್ 1812ರಲ್ಲಿ ಕಟ್ಟಿದ, 340 ಅಡಿಯ ಒಂದೇ ಅಂಕಣವಿದ್ದ ಮಹಾಸೇತುವೆಯು 1838ರಲ್ಲಿ ಉರಿದುಹೋಯಿತು. ಬಲ್ಗೇರಿಯದ ಲೋವೆಚ್ ಊರಿನಲ್ಲಿ ಕೋಲ್ಯು ಫಿಚೆತೊ ಕಟ್ಟಿದ, ಅಂಗಡಿಗಳ ಸಾಲಿನಿಂದ ಕೂಡಿದ ಸೇತುವೆಯು 1925ರಲ್ಲಿ ಹೋಯಿತು. ಲೂಸರ್ನಿನ ಕಾಪೆಲ್ ಸೇತುವೆಯು 1993ರ ಆಗಸ್ಟ್ 18ರ ರಾತ್ರಿ ಹೊತ್ತಿಕೊಂಡು, ಅದರ ಮೇಲಿದ್ದ ಚಿತ್ರಗಳಲ್ಲಿ ಬಹುಪಾಲು ಬೂದಿಯಾದುವು. ಎಂಟು ತಿಂಗಳೊಳಗೆ ಸೇತುವೆಯನ್ನು ಮರಳಿ ಕಟ್ಟಿದರು, ಸುಟ್ಟ ಚಿತ್ರಗಳನ್ನು ಮರಳಿ ತರುವುದು ಸಾಧ್ಯವಾಗಲಿಲ್ಲ. ಫೂಜಿಯನ್ನಿನ ವಾನ್‌ಆನ್ ಸೇತುವೆಯು, 98 ಮೀಟರಿಗೂ ಮಿಕ್ಕು ಉದ್ದವಿದ್ದುದು, 2022ರ ಆಗಸ್ಟಿನಲ್ಲಿ ಒಂದೇ ರಾತ್ರಿಯಲ್ಲಿ ಭಸ್ಮವಾಯಿತು.

ನೆರೆಯ ವಿಚಾರ ಬೇರೆ. ನ್ಯೂಯಾರ್ಕ್ ಸಂಸ್ಥಾನದಲ್ಲಿ ನಿಕೋಲಾಸ್ ಪವರ್ಸ್ 1855ರಲ್ಲಿ ಕಟ್ಟಿದ್ದ ಬ್ಲೆನ್‌ಹೈಮ್ ಸೇತುವೆಯನ್ನು 2011ರ ನೆರೆಯು ಕೊಚ್ಚಿಕೊಂಡು ಹೋದಾಗ ಅದರ ಅವಶೇಷಗಳು ಕಡ್ಡಿಕಡ್ಡಿಯಾಗಿ ಚೆದರಿದುವು. ಆದರೆ 2016ರ ಸೆಪ್ಟೆಂಬರಿನಲ್ಲಿ ಚಂಡಮಾರುತವೊಂದು ಜಜಿಯಾಂಗಿನ ತಾಯ್‌ಷುನ್ ಸೀಮೆಯ ಮೂರು ಸೇತುವೆಗಳನ್ನು ಒಂದೇ ದಿನ ಕಿತ್ತೊಯ್ದಾಗ, ಸುತ್ತಣ ಹಳ್ಳಿಯವರು ಹೊಳೆಯ ಕೆಳಗಣ ದಂಡೆಗಳಲ್ಲೆಲ್ಲ ತಿರುಗಿ, ಕೆಸರಿನಲ್ಲಿ ಹೂತ ದಿಮ್ಮಿಗಳನ್ನೂ ಬೇಲಿಗೆ ಸಿಕ್ಕಿದ ತೊಲೆಗಳನ್ನೂ ಹೊತ್ತು ತಂದರು. ಮುಖ್ಯವಾದ ಮರಗಳಲ್ಲಿ ಬಹುಭಾಗವು ಹೀಗೆ ದೊರೆತು, ಮರುವರ್ಷವೇ ಮೂರು ಸೇತುವೆಗಳೂ ತಮ್ಮ ಹಳೆಯ ಮರಗಳಿಂದಲೇ ಎದ್ದು ನಿಂತುವು. ಮೊಳೆ ಹೊಡೆಯದೆ ಕಚ್ಚಿನಿಂದ ಕೂಡಿಸಿದ ಮರಕ್ಕೆ ಬಿಚ್ಚಿಕೊಂಡು ಹೋಗುವುದೂ ತಿಳಿದಿದೆ, ಮರಳಿ ಸೇರುವುದೂ ತಿಳಿದಿದೆ.

ಸೂರಿಲ್ಲದೆಯೂ ನಶ್ವರವನ್ನು ಉಳಿಸಿಕೊಳ್ಳುವ ಇನ್ನೊಂದು ಮಾರ್ಗವುಂಟು: ಅದು ಕೆಡುವುದಕ್ಕೆ ಮುನ್ನವೇ ಅದನ್ನು ಹೊಸದಾಗಿ ಮಾಡುವುದು. ಗಾಡಿಯ ಭಾರವಿಲ್ಲದ ಕಾಲುಸೇತುವೆಗಳಲ್ಲಿ ಈ ಮಾರ್ಗವು ವಿಶೇಷವಾಗಿ ಕಾಣುವುದು. ಜಪಾನಿನ ಇವಕುನಿ ಊರಿನ ಕಿಂತೈ ಸೇತುವೆಯ ಐದು ಮರದ ನೆಗೆತಗಳನ್ನು 1673ರಲ್ಲಿ ಕಟ್ಟಿದ ಮರುವರ್ಷವೇ ನೆರೆಯು ಒಯ್ದಿತು. ಕೂಡಲೇ ಮತ್ತೆ ಕಟ್ಟಿ, ಕಾಲಕಾಲಕ್ಕೆ ಕಮಾನುಗಳನ್ನು ಬದಲಿಸುತ್ತ ಬಂದುದರಿಂದ ಅದು 1950ರವರೆಗೆ ನಿಂತಿತು. ಆ ವರ್ಷದ ಬಿರುಗಾಳಿಗೆ ಬಿದ್ದುದನ್ನು 1953ರಲ್ಲಿ ಮುನ್ನಿನಂತೆಯೇ ಎಬ್ಬಿಸಿದರು. ಪೆರು ದೇಶದಲ್ಲಿ ಅಪುರಿಮಾಕ್ ನದಿಯ ಕಂದರದ ಮೇಲೆ ತೂಗುವ ಕೆಸ್ವಾಚಾಕ ಸೇತುವೆಯು ಬರಿಯ ಹುಲ್ಲಿನದು. ಇಂಕಾ ಅರಸರ ಕಾಲದಿಂದ ಇಳಿದುಬಂದ ಕ್ರಮದಂತೆ ನಾಲ್ಕು ಗ್ರಾಮಗಳ ಕುಟುಂಬಗಳು ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಹುಲ್ಲಿನ ಹುರಿಯನ್ನು ಹೊಸೆದು ತಂದು, ಹುರಿಯಿಂದ ಹಗ್ಗ, ಹಗ್ಗದಿಂದ ಮಿಣಿಯಾಗಿ ಬಲಿಸಿ, ಹಳೆಯ ಸೇತುವೆಯನ್ನು ಕಡಿದು ನದಿಗೆ ಬಿಟ್ಟು, ಹೊಸದನ್ನು ಎಳೆದು ಕಟ್ಟುತ್ತವೆ. ಸಾಂಕ್ರಾಮಿಕ ರೋಗದ ದೆಸೆಯಿಂದ 2020ರಲ್ಲಿ ಈ ಕೆಲಸವು ನಡೆಯಲಿಲ್ಲ. 2021ರ ಮಾರ್ಚಿನಲ್ಲಿ ಹುಲ್ಲು ಹರಿದು ಸೇತುವೆಯು ಬಿದ್ದುಹೋಯಿತು; ಜೂನಿನಲ್ಲಿ ಎರಡು ದಡದವರೂ ಬಂದು ಮತ್ತೆ ಕಟ್ಟಿದರು.

ಕನ್ನಡನಾಡಿನಲ್ಲಿ ಹಿರಿಯ ಸೇತುವೆಗಳೆಲ್ಲ ಕಲ್ಲಿನವು. ಹಂಪೆಯ ಬಳಿ ತುಂಗಭದ್ರೆಯ ಹರಿವಿನಲ್ಲಿ ಸಾಲಾಗಿ ನಿಂತ, ಮೇಲ್ಭಾಗವನ್ನು ಕಳೆದುಕೊಂಡ ಕಲ್ಲುಕಂಬಗಳೂ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ 1804ರಲ್ಲಿ ಶ್ರೀರಂಗಪಟ್ಟಣದ ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯೂ ಇದಕ್ಕೆ ಸಾಕ್ಷಿ. ಮರದ ಸೇತುವೆಯೆಂಬುದು ನಮ್ಮಲ್ಲಿ ಮಲೆನಾಡಿನ, ಕರಾವಳಿಯ ಸಂಕವೇ. ಎರಡು ಅಡಕೆಯ ಮರಗಳನ್ನೋ ಒಂದು ಕಾಡುಮರವನ್ನೋ ಹಳ್ಳಕ್ಕೆ ಅಡ್ಡಹಾಕಿ, ಹಿಡಿದು ನಡೆಯಲು ಪಕ್ಕದಲ್ಲಿ ಒಂದು ಗಳುವನ್ನು ಬಿಗಿದರೆ ಕಾಲುಸಂಕವಾಯಿತು. ಮಳೆಗಾಲಕ್ಕೆ ಮುನ್ನ ಹಾಕಿದುದು ಒಂದೆರಡು ಮಳೆಗಾಲಕ್ಕೆ ಕೊಳೆತರೆ ಮತ್ತೊಂದು ಮರವು ತೋಟದಲ್ಲಿ ಕಾದಿರುತ್ತದೆ. ಪ್ರಾಯಶಃ ಇದರಿಂದಲೇ ನಮ್ಮವರಿಗೆ ಸೇತುವೆಗೆ ಸೂರು ಹಾಕುವ ಗೋಜು ಬರಲಿಲ್ಲ. ಆದರೆ ಹೊಳೆ ದೊಡ್ಡದಾದೆಡೆಯಲ್ಲಿ ಸಂಕವು ನಿಲ್ಲದು. ಜಾರುವ ಮರದ ಮೇಲೆ ಪುಸ್ತಕದ ಚೀಲವನ್ನು ಹೊತ್ತು ಮಕ್ಕಳು ಕೆಂಪು ನೀರನ್ನು ದಾಟುವ ದೃಶ್ಯವನ್ನು ಕಂಡವರಿಗೆ ಅದನ್ನು ಕೇವಲ ರಮ್ಯವೆಂದು ವರ್ಣಿಸಲು ಮನಸ್ಸು ಬಾರದು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನಿ ನದಿಗೆ ತೂಗುಸೇತುವೆಯೊಂದನ್ನು ಕಟ್ಟಿದಂದಿನಿಂದ ಮೊದಲುಮಾಡಿ, ಇಂತಹ ನೂರಕ್ಕೂ ಮಿಕ್ಕ ಸೇತುವೆಗಳನ್ನು ಕರ್ನಾಟಕದಲ್ಲಿಯೂ ಹೊರಗೂ ನಿರ್ಮಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ದೊಡ್ಡ ಸೇತುವೆಗೆ ಬೇಕಾಗುವ ಹಣವೂ ಕಾಲವೂ ಇಲ್ಲದ ಊರುಗಳಿಗೆ ಉಕ್ಕಿನ ಹಗ್ಗವು ಸಂಕದ ಸ್ಥಾನದಲ್ಲಿ ಬಂದಿತು.

ಅಡಕೆಯ ಮರವನ್ನು ಸೇತುವೆಯ ಕೆಲಸಕ್ಕೆ ತೊಡಗಿಸಿದವರು ನಾವು ಮಾತ್ರವಲ್ಲ. ಮೇಘಾಲಯದ ಖಾಸಿ, ಜೈಂತಿಯಾ ಬೆಟ್ಟಗಳಲ್ಲಿ, ಲೋಕದಲ್ಲಿಯೇ ಅತ್ಯಧಿಕ ಮಳೆಯು ಸುರಿಯುವ ಎಡೆಗಳಲ್ಲೊಂದಾದ ಚಿರಾಪುಂಜಿಯ ಸುತ್ತಣ ಕಣಿವೆಗಳಲ್ಲಿ, ಮರವಾಗಲಿ ಬಿದಿರಾಗಲಿ ಹೆಚ್ಚು ದಿನ ಬಾಳುವುದಿಲ್ಲ. ಅಲ್ಲಿಯ ಜನರು ಹೊಳೆಯ ದಂಡೆಯಲ್ಲಿ ರಬ್ಬರ್ ಆಲದ ಸಸಿಯನ್ನು ನೆಟ್ಟು, ಅದು ಬೆಳೆದು ಬಿಳಲು ಬಿಟ್ಟಾಗ, ತಿರುಳು ತೆಗೆದ ಅಡಕೆಯ ದಬ್ಬೆಗಳನ್ನು ಹೊಳೆಗೆ ಅಡ್ಡಲಾಗಿ ಇಟ್ಟು, ಎಳೆಯ ಬಿಳಲುಗಳನ್ನು ಆ ದಬ್ಬೆಗಳೊಳಗೆ ಹಾಯಿಸುತ್ತಾರೆ. ಬಿಳಲು ವರ್ಷಕ್ಕಿಷ್ಟು ಮುಂದುವರಿದು ಆಚೆಯ ದಡದ ಮಣ್ಣನ್ನು ಹಿಡಿಯುತ್ತದೆ. ಅಡ್ಡಬಿಳಲುಗಳನ್ನು ಹೆಣೆದು, ಸಂದುಗಳಿಗೆ ಕಲ್ಲು ಮಣ್ಣು ತುಂಬಿ, ನಡೆಯಲು ತಕ್ಕ ಹಾದಿಯಾಗಬೇಕಾದರೆ ಹತ್ತರಿಂದ ಮೂವತ್ತು ವರ್ಷಗಳು ಬೇಕು, ಆದುದರಿಂದ ನೆಟ್ಟವನ ಮಕ್ಕಳು ಮೊಮ್ಮಕ್ಕಳು ಅದರ ಮೇಲೆ ನಡೆಯುತ್ತಾರೆ. ನೊಂಗ್ರಿಯಾತ್ ಗ್ರಾಮದಲ್ಲಿ ಒಂದರ ಮೇಲೊಂದಾಗಿ ಇಂತಹ ಎರಡು ಸೇತುವೆಗಳಿವೆ. ಈ ಸೇತುವೆಯು ವಯಸ್ಸಾದಂತೆ ದಪ್ಪವಾಗುತ್ತ ಬಲಿಯುತ್ತದೆ. ದಾರಿ ತೋರಲೆಂದು ಇಟ್ಟ ಅಡಕೆಯ ದಬ್ಬೆಯಾದರೋ, ಅಲ್ಲಿಯ ಎಡೆಬಿಡದ ಮಳೆಯಲ್ಲಿ ನೆನೆದು, ಕೊಳೆತು, ಬಿಳಲು ಆಚೆಯ ದಡವನ್ನು ಹಿಡಿಯುವ ಹೊತ್ತಿಗೆ ಮಣ್ಣಾಗಿ ಹೊಳೆಗೆ ಉದುರಿರುತ್ತದೆ.